ಅಳಿಸುವ ಕ್ರಮವೂ ಉಳಿಸುವ ಹೊಣೆಯೂ: ಬಳಕೆ ತೀರಿದ ಗಣಕಯಂತ್ರಗಳ ವಿಲೇವಾರಿಯನ್ನು ಕುರಿತ ಕೈಪಿಡಿಯೊಂದರ ವಿಮರ್ಶೆ

೧

ಪ್ರಕೃತ ಲೇಖನದಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಶಾಸನಸಂಪುಟವನ್ನಲ್ಲ, ಬಖೈರನ್ನೂ ಅಲ್ಲ. ಕಛೇರಿಗಳೂ ವ್ಯಾಪಾರ ಸಂಸ್ಥೆಗಳೂ ತಮ್ಮ ಹಳೆಯ ಗಣಕಯಂತ್ರಗಳನ್ನು ಹೊರಹಾಕುವ ಮುನ್ನ ಅವುಗಳೊಳಗಿನ ಮಾಹಿತಿಯನ್ನು ಹೇಗೆ ಅಳಿಸಬೇಕೆಂದು ವಿಧಿಸುವ ಒಂದು ಕೈಪಿಡಿಯನ್ನು. ಅಮೆರಿಕಾ ಸಂಯುಕ್ತ ಸಂಸ್ಥಾನದ ವಾಣಿಜ್ಯ ಇಲಾಖೆಗೆ ಸೇರಿದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಇದನ್ನು ೨೦೦೬ರಲ್ಲಿ ಮೊದಲು ಪ್ರಕಟಿಸಿತು. ೨೦೧೪ರ ಡಿಸೆಂಬರಿನಲ್ಲಿ ಪರಿಷ್ಕರಿಸಿತು. ‘೮೦೦-೮೮’ ಎಂಬ ತನ್ನ ಕ್ರಮಸಂಖ್ಯೆಯಿಂದಲೇ ಇದು ಪ್ರಸಿದ್ಧವಾಗಿದೆ. ಎರಡನೆಯ ಪರಿಷ್ಕರಣವು ೨೦೨೫ರಲ್ಲಿ ಬಂದಿರುವುದಾದರೂ, ಒಂದು ದಶಕಕ್ಕೂ ಮಿಕ್ಕಿ ಕಛೇರಿಗಳಿಗೆ ಪ್ರಮಾಣವಾಗಿ ನಿಂತದ್ದು ೨೦೧೪ರ ಪಾಠ. ಆದುದರಿಂದ ನಮ್ಮ ವಿಮರ್ಶೆಯನ್ನು ಆ ಪಾಠಕ್ಕೆ ಸೀಮಿತಗೊಳಿಸಿದ್ದೇವೆ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಉತ್ತರವನ್ನು ನಮ್ಮ ನುಡಿಯೇ ಕೊಡುತ್ತದೆ. ‘ಕಡತ’ ಎಂಬ ಮಾತನ್ನು ಇಂದು ನಾವು ಕಛೇರಿಯ ಫೈಲಿಗೆ ಬಳಸುತ್ತೇವೆ. ಅದರ ಹಿಂದಿನ ಅರ್ಥ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಬರೆಹ ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸ ಸಂಶೋಧಕರಿಗೆ ಅಮೂಲ್ಯವಾದ ಆಕರಗಳಾಗಿವೆಯೆಂದರೆ, ಅಳಿಸಲು ಬರುತ್ತಿದ್ದ ಬರೆಹವನ್ನು ಯಾರೂ ಅಳಿಸಲಿಲ್ಲ ಎಂಬುದೇ ಅದಕ್ಕೆ ಕಾರಣ. ಅಂತೆಯೇ, ಹಳೆಯ ಬರೆಹವನ್ನು ತಟ್ಟಿ ಸಮಮಾಡಿ ಮತ್ತೆ ಕೆತ್ತಿದ ತಾಮ್ರಪಟಗಳು ಶಾಸನತಜ್ಞರಿಗೆ ಅಪರಿಚಿತವಲ್ಲ. ಬರೆಹದ ಸಾಧನವನ್ನು ಮರುಬಳಕೆ ಮಾಡುವುದೂ, ಹಾಗೆ ಮಾಡುವಾಗ ಹಿಂದಿನದನ್ನು ಅಳಿಸುವುದೂ ಗಣಕಯಂತ್ರದ ಕಾಲದಲ್ಲಿ ಹುಟ್ಟಿದ ಸಮಸ್ಯೆಗಳಲ್ಲ. ಹೊಸದಾಗಿರುವುದು ಅಳಿಸುವಿಕೆಯ ಪೂರ್ಣತೆ. ನಮ್ಮ ವಿಮರ್ಶೆಯ ಮುಖ್ಯ ವಿಷಯವೂ ಅದೇ.

೨

ಮೊದಲು ಕೈಪಿಡಿಯ ಗುಣಗಳನ್ನು ಹೇಳುವುದು ನ್ಯಾಯ. ಗಣಕಯಂತ್ರದಲ್ಲಿ ಒಂದು ಕಡತವನ್ನು ತೆಗೆದುಹಾಕುವ ಆಜ್ಞೆಯನ್ನು ಕೊಟ್ಟೊಡನೆ ಅದು ಅಳಿದುಹೋಯಿತೆಂದು ಸಾಮಾನ್ಯರು ತಿಳಿಯುತ್ತಾರೆ. ನಿಜದಲ್ಲಿ ಆಗುವುದು ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರನ್ನು ಹೊಡೆದುಹಾಕಿದಷ್ಟೇ. ಅಧ್ಯಾಯದ ಹಾಳೆಗಳು ಹಾಗೆಯೇ ಇರುತ್ತವೆ, ಆ ಜಾಗದ ಮೇಲೆ ಬೇರೆ ಬರೆಹ ಬೀಳುವ ತನಕ. ಈ ತಿಳಿವಳಿಕೆಯ ಕೊರತೆಯಿಂದ ಏನಾಗುತ್ತದೆಂಬುದನ್ನು ಗಾರ್ಫಿಂಕಲ್ ಮತ್ತು ಶೆಲಾಟ್ ಎಂಬ ಇಬ್ಬರು ಸಂಶೋಧಕರು ೨೦೦೩ರಲ್ಲಿ ಪ್ರಕಟಿಸಿದ ಲೇಖನವು ತೋರಿಸಿಕೊಟ್ಟಿತು. ಅವರು ೨೦೦೦ದ ನವೆಂಬರಿನಿಂದ ೨೦೦೨ರ ಆಗಸ್ಟಿನವರೆಗೆ ೧೫೮ ಹಳೆಯ ಹಾರ್ಡ್ ಡಿಸ್ಕುಗಳನ್ನು ಮರುಮಾರಾಟದ ಪೇಟೆಯಲ್ಲಿ ಕೊಂಡರು. ಓದಲು ಬಂದವು ೧೨೯. ಅವುಗಳಲ್ಲಿ ಸರಿಯಾಗಿ ಅಳಿಸಲ್ಪಟ್ಟಿದ್ದವು ೧೨ ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ, ಬ್ಯಾಂಕಿನ ಹಣ ಕೊಡುವ ಯಂತ್ರದಿಂದ ಬಂದಂತೆ ತೋರುವ ಖಾತೆಗಳ ವಿವರಗಳೂ ದೊರೆತವು. ಇವು ಯಾವ ಕಳ್ಳನ ಕೈಚಳಕದಿಂದಲೂ ಹೊರಬಿದ್ದವಲ್ಲ; ಮಾಲೀಕರೇ ಮಾರಿದವು.

ಈ ಅಜ್ಞಾನಕ್ಕೆ ಎದುರಾಗಿ ಅತಿಭೀತಿಯೂ ಒಂದಿತ್ತು. ೧೯೯೬ರಲ್ಲಿ ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ ಅವರು ಡಿಸ್ಕುಗಳನ್ನು ಅಳಿಸಲು ೩೫ ಬಗೆಯ ಮೇಲ್ಬರೆಹಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಬೇರೆ ಬೇರೆ ಕಾಲದ, ಬೇರೆ ಬೇರೆ ರಚನೆಯ ಡಿಸ್ಕುಗಳಿಗೆ ಅನ್ವಯಿಸಲೆಂದು ಒಟ್ಟುಗೂಡಿಸಿದ ಆ ಪಟ್ಟಿಯನ್ನು ಜನರು ಒಂದೇ ಡಿಸ್ಕಿನ ಮೇಲೆ ೩೫ ಸಲ ಜಪಿಸತಕ್ಕ ಮಂತ್ರವೆಂದು ಭಾವಿಸಿದರು. ಇದು ತಪ್ಪು ತಿಳಿವಳಿಕೆಯೆಂದು ಅವರೇ ಮುಂದೆ ಹೇಳಬೇಕಾಯಿತು. ೨೦೦೮ರಲ್ಲಿ ಹೈದರಾಬಾದಿನ ಸಮ್ಮೇಳನವೊಂದರಲ್ಲಿ ಮಂಡಿತವಾದ ಪ್ರಬಂಧವು, ಕಾಂತೀಯ ಡಿಸ್ಕಿನ ಮೇಲೆ ಒಮ್ಮೆ ಸಂಪೂರ್ಣವಾಗಿ ಮೇಲ್ಬರೆದರೆ ಹಿಂದಿನ ಬರೆಹವನ್ನು ಮರಳಿ ಪಡೆಯುವುದು ಸಾಧ್ಯವಾಗದೆಂದು ಪ್ರಯೋಗಗಳಿಂದ ಪ್ರತಿಪಾದಿಸಿತು. ೨೦೧೪ರ ಕೈಪಿಡಿಯೂ, ಕಾಂತೀಯ ಡಿಸ್ಕುಗಳ ಮಟ್ಟಿಗೆ, ಸಾಮಾನ್ಯವಾಗಿ ಒಂದೇ ಮೇಲ್ಬರೆಹ ಸಾಕೆಂಬ ನಿಲವನ್ನು ತಳೆದಿದೆ. ಮೂಢಾಚರಣೆಯನ್ನು ಹೀಗೆ ನೇರವಾಗಿ ಕೈಬಿಟ್ಟದ್ದು ಪ್ರಶಂಸನೀಯ.

ಆದರೆ ಫ್ಲ್ಯಾಷ್ ಸ್ಮೃತಿಯ ಡಿಸ್ಕುಗಳ ಸಂಗತಿ ಬೇರೆ. ಅಲ್ಲಿ ನಾವು ಬರೆಯುವ ಜಾಗವನ್ನು ಯಂತ್ರವೇ ಒಳಗೊಳಗೆ ಬದಲಾಯಿಸುತ್ತಿರುತ್ತದೆ. ಹಳೆಯದರ ಮೇಲೆ ಬರೆದೆವೆಂದುಕೊಂಡರೆ, ಹೊಸ ಬರೆಹ ಮತ್ತೊಂದೆಡೆ ಬಿದ್ದು ಹಳೆಯದು ಮರೆಯಲ್ಲಿ ಉಳಿದಿರಬಹುದು. ೨೦೧೧ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೋ ಶಾಖೆಯ ಸಂಶೋಧಕರು ಇಂತಹ ಡಿಸ್ಕುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲೊಂದು ‘ಅಳಿಸಿ ಆಯಿತು’ ಎಂದು ವರದಿ ಕೊಟ್ಟಿತು. ಒಳಗಿನ ಮಾಹಿತಿ ಮಾತ್ರ ಎಳ್ಳಷ್ಟೂ ಅಳಿದಿರಲಿಲ್ಲ.

ಇವೆಲ್ಲವನ್ನೂ ಗಮನದಲ್ಲಿಟ್ಟುಕೊಂಡು ಕೈಪಿಡಿಯು ಮೂರು ಮೆಟ್ಟಿಲುಗಳನ್ನು ಗೊತ್ತುಮಾಡುತ್ತದೆ. ಮೊದಲನೆಯದು ಒರೆಸುವುದು: ಸಾಮಾನ್ಯ ಉಪಕರಣಗಳಿಂದ ಮಾಹಿತಿಯನ್ನು ಮರಳಿ ಪಡೆಯಲಾಗದಂತೆ ಮಾಡುವುದು. ಎರಡನೆಯದು ಶೋಧಿಸುವುದು: ಪ್ರಯೋಗಶಾಲೆಯ ಅತ್ಯುತ್ತಮ ಸಾಧನಗಳಿಗೂ ಸಿಕ್ಕದಂತೆ ಮಾಡುವುದು. ಮೂರನೆಯದು ನಾಶಮಾಡುವುದು: ಡಿಸ್ಕನ್ನೇ ಪುಡಿಮಾಡಿ, ಕರಗಿಸಿ ಅಥವಾ ಸುಟ್ಟು, ಮತ್ತೆ ಬಳಸಲು ಬಾರದಂತೆ ಮಾಡುವುದು. ಮಾಹಿತಿಯನ್ನು ಮೊದಲಿನಿಂದಲೂ ಗೂಢಲಿಪಿಯಲ್ಲಿ ಬರೆದಿದ್ದ ಪಕ್ಷದಲ್ಲಿ, ಅದನ್ನು ಬಿಡಿಸುವ ಕೀಲಿಯನ್ನಷ್ಟೇ ಅಳಿಸಿದರೂ ಸಾಕೆಂಬ ಉಪಾಯವನ್ನೂ ಅದು ವಿವರಿಸುತ್ತದೆ. ಕೆಲಸ ಮುಗಿದ ಮೇಲೆ ಪರಿಶೀಲನೆ ನಡೆಯಬೇಕು. ಯಾವ ಡಿಸ್ಕು, ಅದರ ಕ್ರಮಸಂಖ್ಯೆಯೇನು, ಯಾವ ವಿಧಾನ, ಯಾರು ಮಾಡಿದರು ಎಂಬುದನ್ನೆಲ್ಲ ಪ್ರಮಾಣಪತ್ರದಲ್ಲಿ ದಾಖಲಿಸಬೇಕು. ಯಂತ್ರದ ಮಾತನ್ನು ನಂಬದೆ ಪರಿಶೀಲಿಸಬೇಕೆಂಬ ಈ ವಿಧಿಯಲ್ಲಿ ಆಕರಪರೀಕ್ಷೆಯ ಶಿಸ್ತು ಕಾಣುತ್ತದೆ. ಚರಿತ್ರಕಾರರು ಅದನ್ನು ಮೆಚ್ಚದಿರಲಾರರು.

೩

ಈ ಕ್ರಮವನ್ನು ಬಿಟ್ಟರೆ ಆಗುವ ಅನರ್ಥಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ಮೋರ್ಗನ್ ಸ್ಟಾನ್ಲಿ ಎಂಬ ಅಮೆರಿಕದ ಹಣಕಾಸಿನ ಸಂಸ್ಥೆಯು ೨೦೧೬ರಲ್ಲಿ ತನ್ನ ಎರಡು ದತ್ತಾಂಶ ಕೇಂದ್ರಗಳನ್ನು ಮುಚ್ಚಿದಾಗ, ಯಂತ್ರಗಳನ್ನು ಹೊರಸಾಗಿಸುವ ಕೆಲಸವನ್ನು ಮನೆ-ಕಛೇರಿಗಳ ಸಾಮಾನು ಸಾಗಿಸುವ ಕಂಪೆನಿಯೊಂದಕ್ಕೆ ವಹಿಸಿತು. ಮಾಹಿತಿಯನ್ನು ನಾಶಪಡಿಸುವ ಕೆಲಸದಲ್ಲಿ ಆ ಕಂಪೆನಿಗೆ ಅನುಭವವಿರಲಿಲ್ಲ. ಯಂತ್ರಗಳು ಕೈಯಿಂದ ಕೈಗೆ ಮಾರಾಟವಾಗಿ, ಅಂತರ್ಜಾಲದ ಹರಾಜಿಗೆ ಬಂದವು. ೨೦೧೭ರಲ್ಲಿ ಓಕ್ಲಹೋಮಾದ ಕೊಳ್ಳುಗರೊಬ್ಬರು, ತಮಗೆ ಬಂದ ಡಿಸ್ಕುಗಳಲ್ಲಿ ನಿಮ್ಮ ಗ್ರಾಹಕರ ಮಾಹಿತಿಯಿದೆಯೆಂದು ಸಂಸ್ಥೆಗೇ ಬರೆದು ತಿಳಿಸಿದರು. ೨೦೨೦ರಲ್ಲಿ ಬ್ಯಾಂಕುಗಳ ನಿಯಂತ್ರಣಾಧಿಕಾರಿಯು ೬ ಕೋಟಿ ಡಾಲರುಗಳ ದಂಡವನ್ನೂ, ೨೦೨೨ರಲ್ಲಿ ಷೇರುಪೇಟೆಯ ನಿಯಂತ್ರಣಾಧಿಕಾರಿಯು ಮೂರೂವರೆ ಕೋಟಿ ಡಾಲರುಗಳ ದಂಡವನ್ನೂ ವಿಧಿಸಿದವು. ಸುಮಾರು ಒಂದೂವರೆ ಕೋಟಿ ಗ್ರಾಹಕರ ಮಾಹಿತಿಯನ್ನು ಸಂಸ್ಥೆ ಸರಿಯಾಗಿ ಕಾಪಾಡಲಿಲ್ಲವೆಂಬುದು ೨೦೨೨ರ ಆದೇಶದ ನಿರ್ಣಯ. ಇನ್ನೊಂದು ಸಂದರ್ಭದಲ್ಲಿ ಶಾಖಾ ಕಛೇರಿಗಳ ೪೨ ಸರ್ವರುಗಳು ಎಲ್ಲಿ ಹೋದವೆಂಬುದೇ ತಿಳಿಯಲಿಲ್ಲ. ಗೂಢಲಿಪಿಯಲ್ಲಿ ಬರೆಯುವ ಸೌಕರ್ಯವು ಆ ಸಲಕರಣೆಗಳಲ್ಲಿಯೇ ಇದ್ದಿತು, ಅದನ್ನು ಚಾಲನೆಗೊಳಿಸಿರಲಿಲ್ಲ.

ಇಲ್ಲಿ ನಾವು ಗಮನಿಸತಕ್ಕದ್ದು ಇಷ್ಟು: ತಪ್ಪು ತಂತ್ರಜ್ಞಾನದ್ದಲ್ಲ. ಯಂತ್ರವು ಕಛೇರಿಯಲ್ಲಿದ್ದಾಗ ಅದನ್ನು ಕಾಯಲು ಕಾವಲುಗಾರರೂ ಪಾಸ್‌ವರ್ಡುಗಳೂ ಇದ್ದುವು. ಅದು ಗುಜರಿಯ ಪಟ್ಟಿಗೆ ಸೇರಿದೊಡನೆ ಯಾರ ಹೊಣೆಯೂ ಅಲ್ಲವೆಂಬಂತಾಯಿತು.

೪

ಈಗ ಕೈಪಿಡಿಯ ದೋಷವನ್ನು ನೋಡಬಹುದು. ಯಾವ ಮಾಹಿತಿಯನ್ನಾದರೂ ಅಳಿಸುವ ಮುನ್ನ, ಅದರಲ್ಲಿ ಉಳಿಸಬೇಕಾದುದು ಇದೆಯೇ ಎಂಬ ಪ್ರಶ್ನೆ ಏಳಬೇಕು. ಕೈಪಿಡಿಯ ಕರ್ತೃಗಳಿಗೆ ಈ ಪ್ರಶ್ನೆ ಹೊಳೆಯಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಳಿಸುವ ಮೊದಲು ದಾಖಲೆಗಳ ರಕ್ಷಣೆಗೆ ಹೊಣೆಯಾದ ಅಧಿಕಾರಿಗಳನ್ನು ವಿಚಾರಿಸಬೇಕೆಂದು ಅದು ಸಲಹೆ ಕೊಡುತ್ತದೆ. ಚಾರಿತ್ರಿಕ ಮಾಹಿತಿಯನ್ನು ಉಳಿಸಿಕೊಳ್ಳುವ ವಿಚಾರವನ್ನೂ ಎತ್ತುತ್ತದೆ. ಹೊಣೆಗಾರರ ಪಟ್ಟಿಯಲ್ಲಿ ದಾಖಲೆಗಳ ಅಧಿಕಾರಿಗೂ ಒಂದು ಸ್ಥಾನವನ್ನಿತ್ತಿದೆ.

ಆದರೆ ಕೈಪಿಡಿಗಳನ್ನು ಆದ್ಯಂತವಾಗಿ ಓದುವವರು ವಿರಳ. ಕಛೇರಿಯ ಗೋಡೆಗೆ ಏರುವುದು ಅದರ ನಿರ್ಣಯಚಿತ್ರ. ಕಡತಕ್ಕೆ ಸೇರುವುದು ಅದರ ಪ್ರಮಾಣಪತ್ರದ ನಮೂನೆ. ನಿರ್ಣಯಚಿತ್ರವು ಕೇಳುವ ಪ್ರಶ್ನೆಗಳು ಮೂರು: ಮಾಹಿತಿಯ ಗೋಪ್ಯತೆ ಎಷ್ಟು? ಡಿಸ್ಕನ್ನು ಮತ್ತೆ ಬಳಸುವುದುಂಟೇ? ಅದು ಸಂಸ್ಥೆಯ ಹತೋಟಿಯಿಂದ ಹೊರಗೆ ಹೋಗುವುದೇ? ‘ಉಳಿಸಬೇಕೇ?’ ಎಂಬ ನಾಲ್ಕನೆಯ ಪ್ರಶ್ನೆಗೆ ಅಲ್ಲಿ ಮನೆಯಿಲ್ಲ. ಯಾವ ದಾರಿ ಹಿಡಿದು ಹೊರಟರೂ ಮುಟ್ಟುವುದು ಒರೆಸುವುದು, ಶೋಧಿಸುವುದು, ನಾಶಮಾಡುವುದು ಎಂಬ ಮೂರರಲ್ಲಿ ಒಂದನ್ನೇ. ಪ್ರಮಾಣಪತ್ರದಲ್ಲಿ ‘ಪ್ರತಿಯನ್ನು ತೆಗೆದಿಡಲಾಗಿದೆಯೇ’ ಎಂಬ ಅಂಕಣವೊಂದಿದೆ, ನಿಜ. ಪ್ರತಿ ತೆಗೆಯುವುದು ಬೇರೆ, ಮೌಲ್ಯ ನಿರ್ಣಯ ಬೇರೆ. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಸುರಿದರೆ, ಆ ಡಿಸ್ಕೂ ಐದಾರು ವರ್ಷಗಳಲ್ಲಿ ಹಳತಾಗಿ ಇದೇ ಚಿತ್ರದ ಮುಂದೆ ಬಂದು ನಿಲ್ಲುತ್ತದೆ. ವಿವೇಕವು ಪಾಠದಲ್ಲಿಯೇ ಉಳಿಯಿತು. ಆಚರಣೆಗೆ ಒದಗುವ ಚಿತ್ರದೊಳಕ್ಕೆ ಇಳಿಯಲಿಲ್ಲ. ಇದೇ ನಮ್ಮ ಮುಖ್ಯ ಆಕ್ಷೇಪ.

ಈ ಲೋಪ ಏಕೆ ಗುರುತರವಾದುದು? ಹಿಂದಿನ ಕಾಲದಲ್ಲಿ ಅಳಿಸುವವರ ಅಸಾಮರ್ಥ್ಯವೇ ಚರಿತ್ರಕಾರನ ಭಾಗ್ಯವಾಗಿತ್ತು. ಆರ್ಕಿಮಿಡೀಸನ ಕೃತಿಗಳನ್ನೊಳಗೊಂಡ ಹತ್ತನೆಯ ಶತಮಾನದ ಚರ್ಮಪತ್ರಗಳನ್ನು ಹದಿಮೂರನೆಯ ಶತಮಾನದಲ್ಲಿ ಕೆರೆದು, ಅವುಗಳ ಮೇಲೆ ಪ್ರಾರ್ಥನೆಗಳನ್ನು ಬರೆದರು. ಆದರೂ ಅಳಿದುಳಿದ ಮಸಿಯ ಜಾಡನ್ನು ನಮ್ಮ ಕಾಲದಲ್ಲಿ ವಿವಿಧ ಕಿರಣಗಳ ಛಾಯಾಚಿತ್ರಗಳಿಂದ ಓದಲು ಸಾಧ್ಯವಾಯಿತು. ೧೯೭೯ರಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಛೇರಿಯಲ್ಲಿ ಯಂತ್ರಕ್ಕೆ ಕೊಟ್ಟು ಸೀಳಿದ ಪತ್ರಗಳನ್ನು ಎಳೆಯೆಳೆಯಾಗಿ ಜೋಡಿಸಿ ಪ್ರಕಟಿಸಿದರು. ಪೂರ್ವ ಜರ್ಮನಿಯ ಗೂಢಚಾರ ಇಲಾಖೆಯವರು ೧೯೮೯-೯೦ರಲ್ಲಿ ಹರಿದು ತುಂಬಿಸಿಟ್ಟ ಸಾವಿರಾರು ಚೀಲಗಳ ಕಾಗದದ ಚೂರುಗಳನ್ನು ಜೋಡಿಸುವ ಕೆಲಸ ೧೯೯೫ರಲ್ಲಿ ಮೊದಲಾಯಿತು. ಕಾಗದವೂ ಚರ್ಮವೂ ತಾಮ್ರವೂ ಪೂರ್ಣವಾಗಿ ಮರೆಯುವುದಿಲ್ಲ. ಕೀಲಿ ಕಳೆದ ಗೂಢಲಿಪಿಯಾದರೋ ಪೂರ್ಣವಾಗಿ ಮರೆಯುತ್ತದೆ. ಕಾಲಾಂತರದಲ್ಲಿ ಕಿರಣ ಹಾಯಿಸಿ ಓದೋಣವೆಂಬ ಆಸೆಗೆ ಅಲ್ಲಿ ಎಡೆಯಿಲ್ಲ. ಅಳಿಸುವಿಕೆ ಪೂರ್ಣವಾದ ಕಾಲದಲ್ಲಿ ಉಳಿಸುವ ನಿರ್ಧಾರವನ್ನು ಅಳಿಸುವುದಕ್ಕೆ ಮುಂಚೆಯೇ ಮಾಡಬೇಕು. ಅನಂತರ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

೫

ಎರಡು ನಿದರ್ಶನಗಳು ಈ ಮಾತನ್ನು ಸ್ಥಿರಪಡಿಸುತ್ತವೆ. ೧೯೬೯ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಸಂಕೇತಗಳನ್ನು ಗ್ರಹಿಸಿದ ಮೂಲ ಕಾಂತೀಯ ಪಟ್ಟಿಗಳು, ಮುಂದೆ ಪಟ್ಟಿಗಳ ಅಭಾವವಾದಾಗ, ಅಳಿಸಿ ಮರುಬಳಕೆಯಾಗಿರಬೇಕೆಂದು ನಾಸಾ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿತು. ದೂರದರ್ಶನಕ್ಕೆ ಪರಿವರ್ತಿತವಾದ ಚಿತ್ರಗಳು ಉಳಿದಿವೆ. ಅವುಗಳಿಗಿಂತ ಸ್ಪಷ್ಟವಾಗಿದ್ದ ಮೂಲ ಹೋಯಿತು. ಯಾರೂ ದುರುದ್ದೇಶದಿಂದ ಅಳಿಸಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ, ಅಷ್ಟೇ.

ಎರಡನೆಯದು ಇದಕ್ಕೆ ವಿರುದ್ಧವಾದುದು. ಇರಾನಿಗೆ ಗುಟ್ಟಾಗಿ ಶಸ್ತ್ರಗಳನ್ನು ಮಾರಿದ ಹಗರಣವು ೧೯೮೬ರ ನವೆಂಬರಿನಲ್ಲಿ ಬಯಲಾದಾಗ, ಅಮೆರಿಕದ ಅಧ್ಯಕ್ಷರ ಭದ್ರತಾ ಮಂಡಲಿಯ ಇಬ್ಬರು ಅಧಿಕಾರಿಗಳು ತಮ್ಮ ಗಣಕಯಂತ್ರಗಳಿಂದ ಸಾವಿರಾರು ಸಂದೇಶಗಳನ್ನು ತೆಗೆದುಹಾಕಿದರು. ಪ್ರತಿ ತೆಗೆದಿಟ್ಟ ಪಟ್ಟಿಗಳಲ್ಲಿ ಅವು ಉಳಿದಿದ್ದವು. ತನಿಖೆಗೆ ಅವೇ ಆಧಾರವಾದವು. ೧೯೮೯ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಅಧಿಕಾರದಿಂದ ಇಳಿಯುವ ಹೊತ್ತಿಗೆ ಆ ಪಟ್ಟಿಗಳನ್ನೂ ಅಳಿಸಲು ಸಿದ್ಧತೆ ನಡೆದಿತ್ತು. ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಂಗಡಿಗರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ವಿದ್ಯುನ್ಮಾನ ಸಂದೇಶವೂ ದಾಖಲೆಯೇ, ಅದನ್ನು ಕಾಗದದ ಮೇಲೆ ಮುದ್ರಿಸಿಟ್ಟ ಮಾತ್ರಕ್ಕೆ ಮೂಲವನ್ನು ಅಳಿಸಲು ಅಧಿಕಾರ ಬರುವುದಿಲ್ಲ ಎಂದು ೧೯೯೩ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು. ಗೋಪ್ಯತೆಯ ಹೆಸರಿನಲ್ಲಿ ಅಳಿಸುವ ಕೈ ಯಾವಾಗಲೂ ನಿರ್ದೋಷವಾಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಶಾಸ್ತ್ರದ ದೌರ್ಬಲ್ಯವನ್ನೂ ಒಪ್ಪಿಕೊಳ್ಳಬೇಕು. ಚರಿತ್ರಕಾರನಿಗೆ ಉಳಿದುದೆಲ್ಲವೂ ಪ್ರಿಯ. ಕೈರೋ ನಗರದ ಯೆಹೂದ್ಯರ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ತುಂಬಿಟ್ಟ ಬೇಡದ ಕಾಗದಗಳಲ್ಲಿ, ಹಿಂದೂ ಮಹಾಸಾಗರದ ವರ್ತಕರ ಕಾಗದಗಳು ದೊರೆತುವೆಂದು ನಾವು ಸಂತೋಷಪಡುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಬಾಳಿನ ಸಂಗತಿಗಳು ನಮಗೆ ತಿಳಿದಿರುವುದು ಆ ಕಸದ ರಾಶಿಯಿಂದಲೇ. ಆದರೆ ಆ ೧೫೮ ಡಿಸ್ಕುಗಳೂ ಅಂಥದೇ ರಾಶಿಯಲ್ಲವೇ? ಅವುಗಳ ವಿಷಯದಲ್ಲಿ ನಾವು ಸಂತೋಷಪಡಬಲ್ಲೆವೇ? ಬೆನ್ ಯಿಜುವಿನ ಸಾಲದ ಲೆಕ್ಕವನ್ನು ಇಂದು ಓದುವುದರಿಂದ ಅವನಿಗೆ ಹಾನಿಯಿಲ್ಲ. ಬದುಕಿರುವ ಗುಮಾಸ್ತನ ಖಾತೆಯ ಸಂಖ್ಯೆಯೋ, ರೋಗಿಯೊಬ್ಬಳ ಪರೀಕ್ಷೆಯ ಫಲಿತಾಂಶವೋ ಬೀದಿಗೆ ಬಿದ್ದರೆ ಹಾನಿ ಇಂದೇ ಉಂಟು. ನಾಳಿನ ಆಕರವೆಂಬ ನೆವದಿಂದ ಇಂದಿನವರ ಮಾನವನ್ನು ಪಣವಾಗಿಡಲು ನಮಗೆ ಅಧಿಕಾರವಿಲ್ಲ. ಎಲ್ಲವನ್ನೂ ಉಳಿಸಿರೆಂದು ಕೇಳುವುದು ಇತಿಹಾಸಪ್ರಜ್ಞೆಯಲ್ಲ, ಲೋಭ. ಆಯ್ದು ಉಳಿಸಬೇಕು, ಉಳಿಸಿದುದನ್ನು ಗೊತ್ತಾದ ಅವಧಿಯವರೆಗೆ ಮುಚ್ಚಿಡಬೇಕು, ಮಿಕ್ಕುದನ್ನು ಕೈಪಿಡಿಯು ಹೇಳುವಂತೆ, ಜಾಡು ಉಳಿಯದ ಹಾಗೆ, ಅಳಿಸಬೇಕು.

೬

ನಮ್ಮ ದೇಶದ ಸ್ಥಿತಿಯನ್ನು ನೋಡಿದರೆ, ಮೂರು ಶಾಸನಗಳು ಮೂರು ದಿಕ್ಕಿಗೆ ಮುಖ ಮಾಡಿ ನಿಂತಿರುವುದು ಕಾಣುತ್ತದೆ. ೧೯೯೩ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಗಣಕಯಂತ್ರದಿಂದ ಹುಟ್ಟಿದ ಸಾಮಗ್ರಿಯನ್ನೂ ದಾಖಲೆಯೆಂದೇ ಎಣಿಸುತ್ತದೆ. ವಿಧಿಸಿದ ಕ್ರಮವನ್ನು ಬಿಟ್ಟು ನಾಶಮಾಡಿದವರಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನು ಗೊತ್ತುಮಾಡಿದೆ. ಆದರೆ ಅದು ಕೇಂದ್ರ ಸರ್ಕಾರ ಮತ್ತು ಅದಕ್ಕೆ ಸಂಬಂಧಿಸಿದ ಸಂಸ್ಥೆಗಳಿಗೆ ಅನ್ವಯಿಸುವುದೇ ಹೊರತು ಖಾಸಗಿ ವ್ಯಾಪಾರಕ್ಕಲ್ಲ. ಕಂಪೆನಿಗಳು ತಮ್ಮ ಲೆಕ್ಕದ ಪುಸ್ತಕಗಳನ್ನು ಎಂಟು ಹಣಕಾಸಿನ ವರ್ಷಗಳವರೆಗೆ ಇಟ್ಟಿರಬೇಕೆಂದು ೨೦೧೩ರ ಕಂಪೆನಿಗಳ ಅಧಿನಿಯಮ ಹೇಳುತ್ತದೆ. ಆ ಬಳಿಕ ಅವುಗಳ ಗತಿ ಕಂಪೆನಿಗಳ ಚಿತ್ತ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು, ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಅಡ್ಡಬಾರದಿದ್ದಲ್ಲಿ, ವ್ಯಕ್ತಿಗಳ ಮಾಹಿತಿಯನ್ನು ಅಳಿಸಬೇಕೆನ್ನುತ್ತದೆ. ರಕ್ಷಣೆಯಲ್ಲಿ ತಪ್ಪಿದವರಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವುಂಟು. ಸಂಶೋಧನೆಗೂ ಪತ್ರಾಗಾರಗಳಿಗೂ ಅದರಲ್ಲಿ ವಿನಾಯಿತಿಯಿದೆಯೆಂಬುದನ್ನು ನಮ್ಮ ಸಹೋದ್ಯೋಗಿಗಳು ಗಮನಿಸಬೇಕು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳ ಮುಖ್ಯ ಲಕ್ಷ್ಯವಾದರೋ ಸೀಸ, ಪಾದರಸ ಮೊದಲಾದ ವಿಷವಸ್ತುಗಳು ನೆಲ ನೀರುಗಳಿಗೆ ಸೇರದಂತೆ, ಯಂತ್ರಗಳು ನೋಂದಾಯಿತ ಸಂಸ್ಕರಣಕಾರರಿಗೆ ತಲುಪುವುದರ ಮೇಲೆ. ಉಳಿಸು, ಅಳಿಸು, ಒಪ್ಪಿಸು ಎಂಬ ಮೂರು ಆಜ್ಞೆಗಳೂ ಸಾಧುವಾದವೇ. ಅವುಗಳಲ್ಲಿ ಯಾವುದು ಮೊದಲೆಂಬುದನ್ನು ಕಛೇರಿಯ ಗುಮಾಸ್ತನಿಗೆ ಯಾರೂ ಹೇಳಿಲ್ಲ.

ನಮಗೆ ಪರಿಚಿತವಾದ ವಿದ್ಯಾಸಂಸ್ಥೆಯೊಂದರಲ್ಲಿ ಹಳೆಯ ಗಣಕಯಂತ್ರಗಳು ಹರಾಜಾದಾಗ, ನಡಾವಳಿಯಲ್ಲಿ ಯಂತ್ರಗಳ ಸಂಖ್ಯೆ, ಕಿಲೋಗ್ರಾಮಿಗೆ ಇಂತಿಷ್ಟೆಂಬ ದರ, ಕೊಂಡವರ ರುಜು ಇವೆಲ್ಲವೂ ಕ್ರಮವಾಗಿ ದಾಖಲಾದವು. ಅವುಗಳೊಳಗೆ ಏನಿತ್ತೆಂಬುದನ್ನು ಯಾರೂ ಬರೆಯಲಿಲ್ಲ, ಕೇಳಲೂ ಇಲ್ಲ. ವಿದ್ಯಾರ್ಥಿಗಳ ವಿಳಾಸಗಳೂ ಅಂಕಗಳೂ ಹೊರಕ್ಕೆ ಹೋಗಿರಬಹುದು. ಅವುಗಳ ಜೊತೆಗೆ, ಆ ಸಂಸ್ಥೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಅವರಿಗೆ ಬೇಕಾಗುವ ಪತ್ರವ್ಯವಹಾರವೂ ಹೋಗಿರಬಹುದು. ಅಳಿಸತಕ್ಕದ್ದನ್ನು ಅಳಿಸಲಿಲ್ಲ, ಉಳಿಸತಕ್ಕದ್ದನ್ನು ಉಳಿಸಲಿಲ್ಲ. ಎರಡು ಕರ್ತವ್ಯಗಳೂ ಒಂದೇ ದಿನ, ಒಂದೇ ತಕ್ಕಡಿಯಲ್ಲಿ ತೂಗಿ ಹೋದವು.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಕಾಲೇಜಿನ ದಾಸ್ತಾನು ಪುಸ್ತಕದಲ್ಲಿ, ವಿಲೇವಾರಿಯ ಪುಟಕ್ಕೆ ಮೂರು ಅಂಕಣಗಳನ್ನು ಕೂಡಿಸಬೇಕು. ಈ ಯಂತ್ರದಲ್ಲಿ ಯಾವ ವಿಭಾಗದ, ಯಾವ ಅವಧಿಯ ಮಾಹಿತಿಯಿದೆ ಎಂಬುದು ಮೊದಲನೆಯದು. ಉಳಿಸತಕ್ಕುದನ್ನು ಯಾರು ಆರಿಸಿದರು, ಎಲ್ಲಿಟ್ಟರು, ಎಷ್ಟು ವರ್ಷ ಮುಚ್ಚಿಡಬೇಕು ಎಂಬುದು ಎರಡನೆಯದು. ಯಾವ ವಿಧಾನದಿಂದ ಅಳಿಸಲಾಯಿತು, ಯಾರು ಪರಿಶೀಲಿಸಿದರು ಎಂಬುದು ಮೂರನೆಯದು. ಮೂರರ ಕೆಳಗೂ ರುಜು ಬಿದ್ದ ಮೇಲೆಯೇ ಯಂತ್ರವು ಬಾಗಿಲು ದಾಟತಕ್ಕದ್ದು. ಮೂರನೆಯ ಅಂಕಣವನ್ನು ತುಂಬುವ ವಿದ್ಯೆಯನ್ನು ನಾವು ವಿಮರ್ಶಿಸಿದ ಕೈಪಿಡಿ ಚೆನ್ನಾಗಿ ಕಲಿಸುತ್ತದೆ. ಅದನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಎರಡನೆಯದನ್ನು ತುಂಬುವ ಕೆಲಸ ಗಣಕಶಾಸ್ತ್ರದವರದಲ್ಲ, ನಮ್ಮದು. ಹರಾಜಿನ ಸಮಿತಿಯಲ್ಲಿ ಇತಿಹಾಸದ ಅಧ್ಯಾಪಕನಿಗೇನು ಕೆಲಸವೆಂದು ಯಾರಾದರೂ ಕೇಳಿದರೆ, ಆ ಎರಡನೆಯ ಅಂಕಣವನ್ನು ತೋರಿಸಬಹುದು.